ಕೀ ಇಳಿಸುವುದು

ಕೀ ಕೊಡುವುದು ಎಲ್ಲರಿಗೂ ಗೊತ್ತು.
ಮಂಡಿಪೇಟೆಯ ದಲ್ಲಾಳಿಗಳಿಗಂತೂ ಇನ್ನೂ ಚೆನ್ನಾಗಿ ಗೊತ್ತು:
ಇವನ ಕಿವಿಗೊಂದು ಮಾತು, ಅವನ ಕಿವಿಗೊಂದು,
ಆಮೇಲೆ ಕೈಕಟ್ಟಿ ನಿಂತು ನೋಡುವುದು.

ಇಳಿಸುವುದು ಬೇರೆ ವಿದ್ಯೆ.
ನನಗೆ ಹತ್ತೊಂಬತ್ತು ತುಂಬಿದಾಗ
ವಾಚ್ ಫ್ಯಾಕ್ಟರಿಯಲ್ಲಿ ಬಿಳಿ ಟೊಪ್ಪಿ ಹಾಕಿಸಿ ಕಲಿಸಿದರು.
ಬಿಚ್ಚುವ ಮುನ್ನ ಬಲ ಇಳಿಸು.
ತಿರುಪನ್ನು ಎರಡು ಬೆರಳಲ್ಲಿ ಹಿಡಿ,
ಹಲ್ಲುಗಾಲಿ ಕಚ್ಚಿದ ಕೊಕ್ಕೆಯನ್ನು ಸೂಜಿಮೊನೆಯಲ್ಲಿ ಸರಿಸು,
ಬಿಡು, ಆದರೆ ಬಿಟ್ಟೇಬಿಡಬೇಡ.
ಬೆರಳ ನಡುವೆಯೇ ಹಿಂದಕ್ಕೆ ತಿರುಗಲಿ, ಒಂದೊಂದೇ ಹಲ್ಲು.
ಒಮ್ಮೆಲೇ ಬಿಟ್ಟರೆ ಹಲ್ಲು ಮುರಿದೀತು,
ಸ್ಪ್ರಿಂಗು ಚಿಮ್ಮಿ ಕಣ್ಣಿಗೇ ಬಂದೀತು.

ಅದೇ ಫ್ಯಾಕ್ಟರಿಯ ಗೇಟಿನಲ್ಲಿ, ಒಂದು ಆಷಾಢದ ಸಂಜೆ,
ಸೂಪರ್‌ವೈಸರ್ ನಾಗಭೂಷಣಯ್ಯ ನನ್ನ ತುರುಬು ಬಿಚ್ಚಿಸಿದ.
ಹನ್ನೊಂದು ಕೆಂಪು ಹರಳು ಲೆಕ್ಕಕ್ಕೆ ಸಿಕ್ಕಿರಲಿಲ್ಲ,
ಸಾಸಿವೆಗಿಂತ ಸಣ್ಣವು.
ಎರಡು ಪಾಳಿಯ ಜನ ಸೈಕಲ್ಲು ಹಿಡಿದು ನಿಂತು ನೋಡಿದರು.
ಮಲ್ಲಿಗೆ ಬಿತ್ತು. ಹೇರ್‌ಪಿನ್ನು ಬಿತ್ತು.
ಹರಳು ಬೀಳಲಿಲ್ಲ.
ಬೆಳಿಗ್ಗೆ ಅವನದೇ ಮೇಜಿನ ಸಂದಿಯಲ್ಲಿ ಸಿಕ್ಕವಂತೆ.
ಹಾಗೆಂದು ನನಗೆ ಹೇಳಿದವಳು ಕ್ಯಾಂಟೀನಿನ ಹೊನ್ನಮ್ಮ.
ಅವನು ಹೇಳಲಿಲ್ಲ.

ಮುಡಿ ಕಟ್ಟೆನೆಂದು ಶಪಥ ಮಾಡುವವರು ರಾಣಿಯರು.
ನನಗೆ ಬೆಳಿಗ್ಗೆ ಆರೂವರೆಯ ಪಾಳಿ.

ಸಿಟ್ಟೊಂದೇ ಆಗಿದ್ದರೆ ಸವೆಯುತ್ತಿತ್ತೇನೋ,
ಅದರ ಬೆನ್ನಿಗೇ ಭಯ.
ಬಟ್ಟೆಯಂಗಡಿ, ಆಸ್ಪತ್ರೆ, ಮದುವೆಮನೆ,
ಎಲ್ಲಿಂದ ಹೊರಟರೂ ಬಾಗಿಲಲ್ಲಿ
ಯಾರೂ ಕೇಳದೆ ಬ್ಯಾಗು ತೆರೆದು ತೋರಿಸುತ್ತೇನೆ.
ಕಾವಲಿನ ಹುಡುಗ ‘ಯಾಕಮ್ಮಾ?’ ಎನ್ನುತ್ತಾನೆ.
ತಂಗಿ ಸುಮತಿ ಬೇರೆ ಕಡೆ ನೋಡುತ್ತಾಳೆ.

ಭಾದ್ರಪದದಲ್ಲಿ ಬಸದಿಯ ಜಗಲಿಯ ಮೇಲೆ
ಎಲ್ಲರಿಗೂ ಕೈಮುಗಿದು ‘ಉತ್ತಮ ಕ್ಷಮೆ’ ಎನ್ನುತ್ತೇವೆ ನಾವು.
ಪ್ರತಿ ವರ್ಷ ಹೇಳಿದ್ದೇನೆ.
ಎಲ್ಲರಿಗೂ ಎಂಬುದರ ಪಕ್ಕ ನನ್ನದೊಂದು ಸಣ್ಣ ಕಂಸ,
ಅದರೊಳಗೆ ಅವನು.

ಫ್ಯಾಕ್ಟರಿ ಮುಚ್ಚಿತು.
ಚರ್ಚ್ ಸರ್ಕಲ್ಲಿನ ಹತ್ತಿರ, ಚಪ್ಪಲಿಯಂಗಡಿಯ ಪಕ್ಕ,
ಮೂರಡಿ ಗೂಡಿನಲ್ಲಿ ರಿಪೇರಿಗೆ ಕೂತೆ.
ವಾಚು ಕೆಡದವರುಂಟೆ? ಬರುತ್ತಾನೆ ಎಂದು ಕಾದೆ.
ಹೇಳಬೇಕಾದ ಮಾತು ಬಾಯಿಪಾಠವಾಗಿತ್ತು.
ದಿನಾ ಒಂದು ವಾಕ್ಯ ತೆಗೆದು ಇನ್ನೊಂದು ಹರಿತದ್ದು ಸೇರಿಸಿ
ನನಗೆ ನಾನೇ ಕೀ ಕೊಟ್ಟುಕೊಂಡೆ,
ಹದಿನಾಲ್ಕು ವರ್ಷ.

ಬರಲಿಲ್ಲ.
ಗುಬ್ಬಿಯಲ್ಲಿ, ಮಗಳ ಮನೆಯಲ್ಲಿ, ಹೋದ ಮಾಘದಲ್ಲಿ ತೀರಿಕೊಂಡನಂತೆ.
ದುಃಖವಾಗಲಿಲ್ಲ. ಸಂತೋಷವೂ ಅಲ್ಲ.
ಸಾಲ ವಸೂಲಿಗೆ ಹೋದವಳಿಗೆ
ಬಾಗಿಲಿಗೆ ಬೀಗ ಕಂಡ ಹಾಗೆ.

ಆ ರಾತ್ರಿ ಕರೆಂಟು ಹೋಗಿತ್ತು.
ಚಾಪೆಯ ಮೇಲೆ ಕೂತು ಹೆಬ್ಬೆರಳು ತೋರುಬೆರಳು ಕೂಡಿಸಿ
ಏನನ್ನೂ ಹಿಡಿಯದೆ ಹಿಡಿದೆ.
ಕೊಕ್ಕೆ ಎಲ್ಲಿದೆ?
ಗಂಟಲಲ್ಲಿಲ್ಲ. ಎದೆಯಲ್ಲಿರಬಹುದೆಂದುಕೊಂಡಿದ್ದೆ, ಅಲ್ಲಿಲ್ಲ.
ಇದ್ದದ್ದು ನೆತ್ತಿಯ ಹಿಂದೆ, ತುರುಬಿನ ಬುಡದಲ್ಲಿ.
ಸರಿಸಿದೆ.

ಒಂದು ಹಲ್ಲು: ಅಂದು ಅವನ ತುಟಿಯೂ ಒಣಗಿತ್ತು.
ಲೆಕ್ಕ ತಪ್ಪಿದ್ದರೆ ಅವನ ನೌಕರಿ.
ಇದು ನನಗೆ ಅಂದೇ ಕಂಡಿತ್ತು,
ಕಂಡದ್ದು ಬೇಡವಾಗಿತ್ತು.
ಇನ್ನೊಂದು ಹಲ್ಲು: ಸೈಕಲ್ಲು ಹಿಡಿದವರು.
ಮತ್ತೊಂದು: ಬಾಯಿ ಬಿಡದೆ ನಿಂತ ನಾನು.
ಅದು ತಿರುಗಲಿಲ್ಲ.
ಬಲವಂತ ಮಾಡಲಿಲ್ಲ. ಮಲಗಿದೆ.

ಈಗ ರಾತ್ರಿ ಅಂಗಡಿಯ ಗಾಜು ಒರೆಸಿ ಬಂದು
ಹತ್ತು ನಿಮಿಷ ಹಾಗೆ ಕೂರುತ್ತೇನೆ.
ಕೆಲವು ದಿನ ಮೂರು ಹಲ್ಲು, ಕೆಲವು ದಿನ ಒಂದೂ ಇಲ್ಲ.
ಒಮ್ಮೊಮ್ಮೆ, ಪಾಪಿ, ಮುಂದಕ್ಕೇ ತಿರುಗುತ್ತದೆ.
ಅವನು ಮಾಡಿದ್ದು ಸರಿ ಎಂದು ಇವತ್ತೂ ಹೇಳಲಾರೆ.
ಇಳಿಸಿದ ಮಾತ್ರಕ್ಕೆ ಕಾಲ ಸುಳ್ಳಾಗುವುದಿಲ್ಲ,
ಮುಚ್ಚಳ ತೆರೆಯಬಹುದು, ಅಷ್ಟೆ.
ಕೊಳೆ ಎಲ್ಲಿ ಕೂತಿದೆ ನೋಡಬಹುದು.

ಮೊನ್ನೆ ಎಂ.ಜಿ. ರಸ್ತೆಯ ಸೀರೆಯಂಗಡಿಯಿಂದ ಹೊರಡುವಾಗ
ಕೈ ತಾನಾಗಿ ಬ್ಯಾಗಿನ ಜಿಪ್ಪಿಗೆ ಹೋಯಿತು.
ಅರ್ಧ ಎಳೆದೆ.
ನಿಂತೆ.
ಕಾವಲಿನ ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ.
ಅರ್ಧ ತೆರೆದ ಬ್ಯಾಗಿನಲ್ಲೇ ಮೆಟ್ಟಿಲಿಳಿದೆ.
ಸುಮತಿ ಏನೂ ಅನ್ನದೆ
ನನ್ನ ಜಿಪ್ಪು ಎಳೆದು ಮುಚ್ಚಿದಳು,
‘ನಡಿ, ಆಟೋ ಸಿಗೋದಿಲ್ಲ’ ಎಂದಳು.