ಬಿತ್ತನೆ ಗಡ್ಡೆ

ದುದ್ದದ ಶೆಡ್ಡಿನಲ್ಲಿ ಮೇ ತಿಂಗಳ ಸೆಕೆ.
ಜಲಂಧರದ ಮೂಟೆ ಬಿಚ್ಚಿ ಕೂತಿದ್ದೇವೆ ಐದು ಜನ,
ಆಲೂಗಡ್ಡೆ ಕುಯ್ಯಲು.
ಹೋದ ವರ್ಷ ಹದಿನೆಂಟು ದಿನ ಬಿಡದೆ ಸುರಿದು
ನೆಲದೊಳಗೇ ಕೊಳೆತದ್ದರ ವಾಸನೆ
ಇನ್ನೂ ಮೂಗಿನಲ್ಲಿದೆ.

ಚೆನ್ನಾಜಮ್ಮನ ಮಗನ ಫೋನಿನಲ್ಲಿ
ಯಾವುದೋ ಊರು ಉರಿಯುತ್ತಿದೆ.
ಹೆಸರು ಅವನ ಬಾಯಲ್ಲಿ ನಿಲ್ಲುವುದಿಲ್ಲ;
ಬೀದಿಯಲ್ಲೊಂದು ಮಂಚ, ಅದರ ಮೇಲೆ ಬೂದಿ.
"ಆಫ್ ಮಾಡೋ" ಅಂದಳು, ಆಮೇಲೆ ತಾನೇ
ಕತ್ತು ಚಾಚಿ ನೋಡಿದಳು.

ನಮ್ಮ ಬುಟ್ಟಿಯಲ್ಲೂ ಬೂದಿಯೇ,
ಒಲೆಯದು, ಜರಡಿ ಹಿಡಿದದ್ದು.
ಕುಯ್ದ ಗಾಯಕ್ಕೆ ಸವರಿದರೆ ಕೊಳೆಯದು.
ಹೊಸದಾಗಿ ಬಂದ ಹುಡುಗಿಗೆ ಹೇಳುತ್ತೇನೆ:
ಸಣ್ಣದಾದರೂ ಚಿಂತೆಯಿಲ್ಲ, ಓರೆಯಾದರೂ ಸರಿ,
ತುಂಡಿಗೊಂದು ಕಣ್ಣು ಉಳಿಯಬೇಕು, ನೋಡಿ ಕುಯ್ಯಿ.

ಮಳೆ ಯಾವಾಗಲೋ, ಎಷ್ಟೋ. ಕತ್ತಿ ಮೊಂಡಾಗಿದೆ.
ಇನ್ನೂ ಹನ್ನೊಂದು ಮೂಟೆ.