ಗೇಣ ಮುಂದ

ಫಣಿ ಹಿಂದ ಎಳಿ ಹರೀತಂದ್ರ
ಆಗಿಂದಾಗ ತಿಳಿಯೂದಿಲ್ಲ.
ಲಾಳಿ ಓಡತಿರತೈತಿ, ಬಟ್ಟಿ ಬೆಳೀತಿರತೈತಿ,
ಗೇಣ ಮುಂದ ಬಂದ ಮ್ಯಾಲ
ಸೀರಿ ಮೈಮ್ಯಾಗ ಕೂದಲಿನಂಥಾ ಬಿರಕು.
ಹದಿನಾರ ವರ್ಷ ಬನಹಟ್ಟಿಯೊಳಗ ಮಗ್ಗ ನಡಿಸಿದಾಂವಗ
ಇದನ್ನ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದ್ರೂ ಇಪ್ಪತ್ತೆರಡನೇ ದಿನಕ್ಕ ತಡೀಲಿಲ್ಲ.
ಗುರ್ತಿನವ್ರು ಸಿಗತಾರಂತ ರಬಕವಿ ದವಾಖಾನಿ ಬಿಟ್ಟು
ಜಮಖಂಡಿಗೆ ಹೋದೆ,
ಮೇ ತಿಂಗಳ ಬಿಸಲಾಗ ಮಫ್ಲರ್ ಸುತಗೊಂಡು.

ಬೆರಳ ತುದಿಗೆ ಚುಚ್ಚಿದ್ರು. ಹನಿ ಬಿತ್ತು.
ಬಿಳಿ ಪಟ್ಟಿ ಮ್ಯಾಲ ಒಂದ ಗೆರಿ ಮೂಡಿತು.
"ಅಂಜಬ್ಯಾಡ್ರಿ, ಇದು ಬ್ಯಾನಿ ಗೆರಿ ಅಲ್ಲ," ಅಂದ್ರು ಹಳಿಂಗಳಿ ಬಾಯಾರು,
"ಪಟ್ಟಿ ಸುದ್ದ ಐತಿ ಅನ್ನೂ ಗೆರಿ."
ಅಂದ್ರ ಆ ಕೋಣ್ಯಾಗ
ಆರಾಮ ಐತಂತ ಖಾತ್ರಿ ಆದದ್ದು
ಆ ಪಟ್ಟಿ ಒಂದ.

"ಗವಾಕ್ಷಿ ಅವಧಿ" ಅಂತ ಚೀಟಿ ಮ್ಯಾಲ ಬರದ್ರು.
ನಮ್ಮ ಮಾಳಗಿಗೂ ಒಂದು ಬೆಳಕಿಂಡಿ ಐತಿ.
ಮುಂಜಾನಿ ಒಲಿ ಮ್ಯಾಲ ಬೆಳಕು, ಮಧ್ಯಾಹ್ನ ಬೀಸುಕಲ್ಲಿನ ಮ್ಯಾಲ.
ನಡಬರಕ ಯಾರರ ಬಂದು, ಒಳಗ ಏನೈತಿ ಅಂದ್ರ
ಬೆಳಕು ಬಿದ್ದಷ್ಟ ತೋರಸಬೇಕು.
"ರಕ್ತಾ ಅಂದ್ರ ಟಪಾಲಿದ್ದಂಗ," ಅಂದ್ರು ಬಾಯಾರು.
"ನಿಮ್ಮ ಸಾಂಗಲಿ ಸುದ್ದಿ ಇನ್ನೂ ಹಾದ್ಯಾಗ ಇರಬಹುದು.
ಮೂರು ತಿಂಗಳ ತುಂಬಲಿ, ಬರ್ರಿ."

ನಲವತ್ತೊಂದನೇ ದಿನಕ್ಕ ಮತ್ತ ಹೋದೆ.
ಬೈಲಿಲ್ಲ. ಕುಡ್ಯಾಕ ನೀರ ಕೊಟ್ರು.
ಮತ್ತ ಒಂದ ಗೆರಿ.
ಅದರ ಮಗ್ಗಲಕ, ನನ್ನ ಕಣ್ಣಿಗೆ ಮಾತ್ರ,
ಇನ್ನೊಂದು ನೆರಳ ಗೆರಿ.

ರಾತ್ರಿ ಗಂಟಲ ಕೆಳಗ ಕೈಯಾಡಿಸಿ ಗಂಟ ಹುಡಕತೇನಿ.
ಸೀನು ಬಂದ್ರ ಲೆಕ್ಕ. ಬೆವರು ಬಂದ್ರ ಲೆಕ್ಕ.
ಏನೂ ಬರದಿದ್ರ ಅದೂ ಲೆಕ್ಕ.

ತೇರದಾಳದಿಂದ ದಾನವ್ವ ಬಂದಳು, ನಾಕ ತಿಂಗಳ ಕೂಸಿನ ಜೋಡಿ.
ನಾ ಕಟ್ಟಿ ಮ್ಯಾಲ ಹಾಸಿಗಿ ಹಾಕಿದೆ.
ಕಳಸಾಕ ಬಂದ ನಮ್ಮತ್ತಿ ಓಣಿ ತುಂಬ ಹೇಳಿದಳು:
"ಬಾಣಂತಿ ಮೈ ಅಂತ ತಿಳದು ದೂರ ಮಲಗತಾನ,
ಇಂಥಾ ಅಳಿಯಾ ಯಾರಿಗೆ ಸಿಗತಾನ!"
ಹೋಳಿಗಿ ಮ್ಯಾಲ ಇನ್ನೊಂದು ಚಮಚ ತುಪ್ಪ ಹಾಕಿದಳು.
ಉಂಡೆ. ಅದನ್ನೂ ಉಂಡೆ.

ಮಗ್ಗದ ಬಾಜೂಕಿನ ಕಂಬಕ್ಕ ಸುಣ್ಣದ ಗೆರಿ, ದಿನಕ್ಕೊಂದು.
ಇವತ್ತು ಕರೆಂಟ್ ಹೋತು.
ಓಣ್ಯಾಗಿನ ಮಗ್ಗೆಲ್ಲಾ ಒಮ್ಮೆಲೇ ಬಾಯಿ ಮುಚ್ಚಿದ್ವು.
ಕೂಸಿನ ಬಗಲಾಗ ಇಟಗೊಂಡು ಅಕಿ ಬಾಗಲದಾಗ ನಿಂತಳು.
"ಇದು ಯಾವ ಸೀರಿ ಲೆಕ್ಕ?"
"ಇನ್ನೂ ಮಗ್ಗದಿಂದ ಇಳದಿಲ್ಲ," ಅಂದೆ.

ಸುಮ್ಮಕ ನೋಡಿದಳು. ತುಟಿ ಅಲಗಿದ್ವು.
"ನಿನ್ನೀನೂ ಅರವತ್ತೇಳ ಇತ್ತು," ಅಂದಳು,
"ಇವತ್ತಿಂದು ಹಾಕಿಲ್ಲ."
ಕಿಟಕಿ ಸಂದ್ಯಾಗಿನ ಸುಣ್ಣದ ತುಂಡು ತಗೊಂಡು
ತಾನ ಎಳದಳು,
ನನ್ನ ಕಡೀ ಗೆರಿ ಮಗ್ಗಲಕ ಒಂದು,
ನನ್ನ ಗೆರಿಗಿಂತ ನೀಟ.

ಕರೆಂಟ್ ಬರಲಿಲ್ಲ.
ಅಕಿ ಹೋಗಲೂ ಇಲ್ಲ.