ಎರಡು ಸೀಟಿ

ಕೆರೆ ತುಂಬಿ ಮೂರನೇ ವರ್ಷಕ್ಕೆ
ನಡುವಿನ ದಿಣ್ಣೆಗೆ ದ್ವೀಪ ಅಂತ ಬಡ್ತಿ ಸಿಕ್ಕಿತು.
ನನಗೆ ಗೊತ್ತಿದ್ದ ದಿಣ್ಣೆಯೇ ಅದು:
ಜಾಲಿ, ಹುತ್ತ, ಬಸ್ಸಿಗೆ ಟವೆಲ್ಲು ಬೀಸುತ್ತಿದ್ದ ಕುರಿಹುಡುಗ.
ಈಗ ಲಾರಿಯಲ್ಲಿ ಬಂದಿಳಿದ
ತೆಂಗಿನಂತಿದ್ದೂ ಕಾಯಿ ಬಿಡದ ಮರಗಳು,
ಸೋಗೆಯ ಛತ್ರಿ, ಎಂದೂ ತೇಲದ ಬಣ್ಣದ ದೋಣಿ.
ಚಿಂತಾಮಣಿಯಿಂದ ಹನ್ನೊಂದು ಕಿಲೋಮೀಟರಿಗೆ
ಒಂದು ಸಮುದ್ರದ ದೇಶ.
ನೀಲಿ ಡ್ರಮ್ಮಿನ ತೆಪ್ಪ ಇಳಿದರೆ ಎದುರಿಗೇ ಬೋರ್ಡು:
ಬಗ್ಗಿ ಸವಾರಿ. ನೀವೇ ಓಡಿಸಿ.

ನೀವೇ ಓಡಿಸಿ!
ಇಪ್ಪತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ
ಒಬ್ಬರೂ ನನಗೆ ಹೇಳದ ಮಾತು.

ಚೇಳೂರು ರೂಟಿಗೆ ನಾನು ಕಂಡಕ್ಟರು,
ಪ್ಯಾರೇಜಾನ್ ಡ್ರೈವರು.
ನಾನು ಒಂದು ಊದಿದರೆ ನಿಲ್ಲುತ್ತಿದ್ದ,
ಎರಡು ಊದಿದರೆ ಹೊರಡುತ್ತಿದ್ದ.
ನಮ್ಮಿಬ್ಬರ ಮಾತು ಹೆಚ್ಚುಕಮ್ಮಿ ಅಷ್ಟೇ.
ರಿಟೈರಾದ ಮೇಲೆ ಸಕ್ಕರೆ ಕಾಯಿಲೆ
ಅವನ ಎಡಗಣ್ಣನ್ನು ಇಳಿಸಿತು, ಆಮೇಲೆ ಬಲಗಣ್ಣನ್ನು,
ಗಲಾಟೆಯಿಲ್ಲದೆ, ಒಂದಾದ ಮೇಲೊಂದು,
ಕೊನೇ ಟ್ರಿಪ್ಪಿನ ಪ್ಯಾಸೆಂಜರುಗಳ ಹಾಗೆ.

ಅರ್ಧ ಗಂಟೆಗೆ ಆರುನೂರು.
ಐನೂರರ ಎರಡು ನೋಟು ಕೊಟ್ಟೆ.
ಹುಡುಗ ಮುನ್ನೂರ ಅರವತ್ತು ಎಣಿಸಿ,
‘ನಲವತ್ತಕ್ಕೆ ಚಿಲ್ಲರೆ ಇಲ್ಲ, ಅಜ್ಜಿ’ ಅಂದ.
‘ಟಿಕೆಟ್ ಹಿಂದೆ ಬರಕೊಡಪ್ಪ’ ಅಂದೆ.
ಅವನಿಗೆ ಅರ್ಥವಾಗಲಿಲ್ಲ.
ಪ್ಯಾರೇಜಾನ್ ಮಾತ್ರ ಕೆಮ್ಮುವಷ್ಟು ನಕ್ಕ.

ಬಲಗಾಲಿಗೆ ರೇಸು, ಎಡಗಾಲಿಗೆ ಬ್ರೇಕು, ಗೇರಿಲ್ಲ.
‘ಗೇರಿಲ್ಲದ್ದೂ ಒಂದು ಗಾಡಿಯೇನಮ್ಮಾ’ ಅನ್ನುತ್ತ
ಪಕ್ಕದ ಸೀಟಿನಲ್ಲಿ ಹೆಲ್ಮೆಟ್ಟು ತಿರುಗಮುರುಗ ಹಾಕಿಕೊಂಡು ಕೂತ.
ಪರ್ಸಿನಿಂದ ಸೀಟಿ ತೆಗೆದು ಅವನ ಅಂಗೈಗಿಟ್ಟೆ.
ಡಿಪೋಗೆ ವಾಪಸು ಕೊಡದೆ ಉಳಿಸಿಕೊಂಡದ್ದು
ಅದೊಂದೇ.
ಬೆರಳಾಡಿಸಿ ನೋಡಿದ. ಒಳಗಿನ ಗುಂಡು ಗಲಗಲ ಅಂತು.
ಊದಿದ, ಎರಡು ಸಲ.

ಮೊದಲ ತಿರುವಿಗೇ ಮರಳಲ್ಲಿ ಹೂತೆ.
ಎರಡನೆಯದಕ್ಕೆ ಸೋಗೆ ಛತ್ರಿಯ ಅಂಚು ಹರಿಯಿತು.
‘ಇಂಜಿನ್ನು ಅಳ್ತಾ ಇದೆ, ಕಾಲು ತೆಗಿ’ ಅಂದ.
‘ಈಗ ಒಸಿ ಒತ್ತು. ಹಾಂ, ಈಗ ಹಾಡ್ತಾ ಇದೆ.’
ಅವನು ಕಿವಿಯಿಂದ ಓಡಿಸಿದ, ನಾನು ಕೈಯಿಂದ.

ದಾರಿ ನನಗೆ ಯಾವತ್ತೂ ಪಕ್ಕದಿಂದ ಬಂದದ್ದು:
ಕಿಟಕಿಯಲ್ಲಿ ಅರ್ಧ ಹುಣಸೆಮರ, ಅರ್ಧ ಎಮ್ಮೆ,
ಜನರ ಹೆಗಲ ಸಂದಿಯಲ್ಲಿ ಒಂದು ಚೂರು ಬೆಟ್ಟ.
ಇಂದು ಇಡಿಯಾಗಿ, ಎದುರಿನಿಂದ,
ನನ್ನನ್ನೇ ಕೇಳಿಕೊಂಡು ಬಂತು.
ಹಾಳಾದ್ದು, ಕಣ್ಣು ತುಂಬಿತು. ಧೂಳು ಅಂದುಕೊಂಡೆ.

‘ಎಲ್ಲಿದ್ದೀವಿ?’
‘ಮುರುಗಮಲ್ಲ.’
‘ಸುಳ್ಳು. ದರ್ಗಾದ ಊದುಬತ್ತಿ ವಾಸನೆ ಬರಲಿಲ್ಲ.’

ಸರಿ, ನಿಜ ಹೇಳಿದೆ:
ಬಲಕ್ಕೆ ನೀರು. ಎಡಕ್ಕೂ ನೀರು.
ನಿಂತಲ್ಲೇ ಮುಳುಗಿ ಸತ್ತ ಜಾಲಿ,
ಅದರ ತುದಿಯಲ್ಲಿ ರೆಕ್ಕೆ ಹರವಿದ ನೀರುಕಾಗೆ,
ಒಗೆದ ಖಾಕಿ ಅಂಗಿಯನ್ನು ಒಣಗಲು ಹಾಕಿದ ಹಾಗೆ.
ನೀರು ಯಾವ ಬಣ್ಣ ಅಂದ.
ಬಿ.ಪಿ. ಮಾತ್ರೆಯ ಹಾಳೆಯ ಹಿಂಬದಿಯಂಥದ್ದು ಅಂದೆ.
ಬಹಳ ಹೊತ್ತು ಸುಮ್ಮನಿದ್ದ.
‘ಇಷ್ಟೊಂದು ನೀರಾ, ನಮ್ಮ ಕಡೆ?’

ಮೂರು ಸುತ್ತು. ನಾಲ್ಕು.
ಹುಡುಗ ಅಡ್ಡ ಓಡಿಬಂದ, ಮೊಬೈಲು ಎತ್ತಿ ತೋರಿಸುತ್ತ:
‘ಟೈಮ್ ಆಯ್ತು ಅಜ್ಜಿ, ಟೈಮ್ ಆಯ್ತು!’

ಅರ್ಧ ಗಂಟೆಗೆ ಆರುನೂರಾದರೆ
ನಿಮಿಷಕ್ಕೆ ಇಪ್ಪತ್ತು.
ನಲವತ್ತು ನಿನ್ನ ಹತ್ತಿರವೇ ಇದೆ ಕಣಪ್ಪ.
ಎರಡು ನಿಮಿಷ ಬಾಕಿ.

ಪಕ್ಕಕ್ಕೆ ನೋಡಿದೆ.
ಪ್ಯಾರೇಜಾನ್ ಸೀಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದ,
ಊದುತ್ತಿರಲಿಲ್ಲ.